ಸಬ್ ರಿಜಿಸ್ಟ್ರಾರರ ಟರ್ಬೊ ಕಾರು

ಮುಳಬಾಗಿಲಿನ ಹೈವೇ ಪಕ್ಕ ಡೀಸೆಲ್ ಗಾಡಿ ರಿಪೇರಿ ಮಾಡ್ಕೊಂಡು ಇದ್ದವನು ನಾನು. ಮನಸಾರೆ ನಂಬಿ ಗಾಡಿ ಬಿಟ್ಟುಹೋದ ಗಿರಾಕಿ ಒಬ್ಬರೂ ಇಲ್ಲ. ನನಗೂ ಅವರ ಮೇಲೆ ಅಷ್ಟೇ ನಂಬಿಕೆ. ಹಾಗಾಗಿ ವಾರಕ್ಕೊಂದು ರಗಳೆ ತಪ್ಪುತ್ತಿರಲಿಲ್ಲ.

ಹಸಿರು ಕೈ

ಮಾಲೂರಿನ ಹೆಂಚಿನ ಕಾರ್ಖಾನೆಯವರೊಬ್ಬರು ಡೀಸೆಲ್ ಕಾರು ತಂದರು. ನಾನು ಒಳ್ಳೆ ಸಾಮಾನು ಬಿಚ್ಚಿಕೊಂಡು ಹಳೇದು ಹಾಕ್ತೀನಿ ಅಂತ ಅವರ ಗುಮಾನಿ. ಅದಕ್ಕೇ ಹೊರಡೋ ಮುಂಚೆ ಇಂಜಿನ್ನಿನ ನಟ್ಟು ನಟ್ಟಿಗೂ ಕಿಟಕಿಗೆ ಹಚ್ಚೋ ಹಸಿರು ಪೇಂಟಿನ ಚುಕ್ಕೆ ಇಟ್ಟಿದ್ದರು. ಪೇಂಟು ಇನ್ನೂ ಒಣಗಿರಲಿಲ್ಲ. ಏರ್ ಫಿಲ್ಟರ್ ಕ್ಲೀನ್ ಮಾಡಿ ಎದ್ದಾಗ ನನ್ನ ಹತ್ತು ಬೆರಳೂ ಹಸಿರು.

"ನೋಡ್ದ್ಯಾ, ಸಿಕ್ಕಿಬಿದ್ದೆ" ಅಂದರು.

"ನಾನು ಕೆಲಸ ಮಾಡಿದ್ದಕ್ಕೆ ಹಸಿರಾಯ್ತು ಸ್ವಾಮಿ. ನಿಮ್ಮ ಪಂಚೆ ಯಾಕೆ ಹಸಿರಾಗಿದೆ?"

ಅವರು ಪಂಚೆ ಹಿಡಿದು ನೋಡಿಕೊಂಡರು. "ಇದನ್ನೂ ಮುಟ್ಟಿದ್ಯಾ?" ಅಂದರು.

ಮೊಹರು

ಆದರೆ ಅನುಮಾನದಲ್ಲಿ ಶ್ರೀನಿವಾಸಪುರದ ರಿಟೈರ್ಡ್ ಸಬ್ ರಿಜಿಸ್ಟ್ರಾರ್ ರಾಯರನ್ನು ಮೀರಿಸಿದವರಿಲ್ಲ. ಕಳ್ಳ ಕ್ರಯಪತ್ರ ನೋಡಿ ನೋಡಿ ಅವರಿಗೆ ಮನುಷ್ಯರ ಮುಖವೂ ಕಳ್ಳ ಕ್ರಯಪತ್ರದ ಹಾಗೇ ಕಾಣುತ್ತಿತ್ತು. ಕುವೈತಿನಲ್ಲಿದ್ದ ಅವರ ಬಾಮೈದ ಒಂದು ಫಾರಿನ್ ಡೀಸೆಲ್ ಕಾರು ತಂದು ಇವರ ಮನೇಲಿ ಬಿಟ್ಟು ಹೋಗಿದ್ದ. ಎಂಬತ್ತರ ದಶಕದ ಕೊನೆ ಅದು. ಕಾರಲ್ಲಿ ಟರ್ಬೊ ಇತ್ತು, ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ಕೊಡೋ ಸಣ್ಣ ಫ್ಯಾನು. ನಾನು ಕಣ್ಣಾರೆ ನೋಡಿದ ಮೊದಲ ಟರ್ಬೊ ಅದೇ. ಹಾಗಂತ ಬಾಯಿಬಿಡಲಿಲ್ಲ.

ಡೀಸೆಲ್ ಪಂಪಿನವರೆಗೂ ಬಿಚ್ಚಿ ನೋಡಿ ಒಂದು ಸಲ ಸರ್ವೀಸ್ ಮಾಡಿ ಕಳಿಸಿದೆ. ಹದಿನೈದೇ ದಿನಕ್ಕೆ ಹೆಂಡತಿ ಸಮೇತ ವಾಪಸ್ ಬಂದರು.

"ಕಾರು ದಿಣ್ಣೆ ಹತ್ತಲ್ಲ ಮೇಸ್ತ್ರಿ. ಒರಿಜಿನಲ್ ಟರ್ಬೊ ಬಿಚ್ಚಿಕೊಂಡು ಡೂಪ್ಲಿಕೇಟ್ ಹಾಕಿದ್ದೀಯ. ನಾಳಿದ್ದು ಬಾಮೈದ ಬರ್ತಾನೆ. ಅಷ್ಟರೊಳಗೆ ಸರಿಮಾಡು, ಇಲ್ಲಾಂದ್ರೆ ಸ್ಟೇಷನ್ನಿಗೆ ಕಂಪ್ಲೇಂಟು."

 ಶೆಡ್ಡಿಗೆ ಒಂದು ಸಲ ಪೊಲೀಸರು ಬಂದರೆ ಆಮೇಲೆ ಯಾರು ಗಾಡಿ ತರ್ತಾರೆ?

ಬಾನೆಟ್ ಎತ್ತಿದೆ. ಡೀಸೆಲ್ ಪಂಪಿನ ಸುತ್ತ ಕೆಂಪಗೆ ಅರಗು ಮೆತ್ತಿತ್ತು. ಅದರ ಮೇಲೆ ಅಚ್ಚುಕಟ್ಟಾಗಿ ಮೊಹರು ಬೇರೆ.

"ಇದೇನು ಸಾರ್?"

"ನಿನ್ನ ಸರ್ವೀಸ್ ಆದ ಮಾರನೇ ದಿನ ನಾನೇ ಹಾಕಿದ್ದು. ಉಳಿದಿರೋದಾದ್ರೂ ಉಳೀಲಿ ಅಂತ. ಅದನ್ನ ಮುಟ್ಟಬೇಡ, ಬೇರೆ ಕಡೆ ಹುಡುಕು."

ಗೇಜು

ಬೇರೆ ಕಡೆ ಹುಡುಕಿದೆ. ಗಾಳಿ ಪೈಪಿಗೆಲ್ಲ ಸೋಪಿನ ನೀರು ಹಚ್ಚಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಪಂಚರ್ ಅಂಗಡಿಯಿಂದ ಗಾಳಿ ನೋಡೋ ಗೇಜು ತಂದು ಟರ್ಬೊ ಪೈಪಿಗೆ ಸೇರಿಸಿ, ಉದ್ದನೆಯ ಟ್ಯೂಬನ್ನು ಕಿಟಕಿಯಿಂದ ಒಳಗೆ ತಂದು, ಗೇಜನ್ನು ರಾಯರ ಕೈಗೇ ಕೊಟ್ಟೆ. ನಾನು ಕೊಟ್ಟ ಲೆಕ್ಕ ಅವರು ಒಪ್ಪೋದಿಲ್ಲವಲ್ಲ. ಅವರ ಹೆಂಡತಿ ಹಿಂದಿನ ಸೀಟಿನಲ್ಲಿ. ಕಾರನ್ನು ದಿಣ್ಣೆಗೆ ಬಿಟ್ಟೆ.

"ಮುಳ್ಳು ಎಷ್ಟು ತೋರಿಸ್ತಿದೆ ಸಾರ್?"

ಅವರು ಗೇಜಿನ ಮೇಲೆ ಅಂಗೈ ಮುಚ್ಚಿಕೊಂಡರು. "ಮೊದಲು ನೀನು ಹೇಳು."

"ನನಗೆ ಕಾಣ್ತಿಲ್ಲ ಸಾರ್."

"ಕಾಣಬಾರದು ಅಂತಾನೇ ಮುಚ್ಚಿರೋದು."

ಕೊನೆಗೆ ಅಮ್ಮನವರೇ ಹಿಂದಿನಿಂದ ಬಗ್ಗಿ, ಗಂಡನ ಕೈ ಸರಿಸಿ ಓದಿದರು. "ಹತ್ತರ ಮೇಲಿದೆ ಕಣಪ್ಪಾ."

ತೂತು

ಗಾಳಿ ಚೆನ್ನಾಗೇ ಬರ್ತಿತ್ತು. ಅಂದರೆ ಟರ್ಬೊ ಕೆಲಸ ಮಾಡ್ತಿತ್ತು. ಆದರೆ ಗಾಳಿಗೆ ತಕ್ಕ ಹಾಗೆ ಡೀಸೆಲ್ ಏರ್ತಿರಲಿಲ್ಲ, ಹಿಂದೆ ಹೊಗೆಯ ಸುಳಿವೂ ಇಲ್ಲ. ಉಳಿದದ್ದು ಮೊಹರು ಹಾಕಿದ ಪಂಪು.

"ಅರಗು ಒಡೀಬೇಕು ಸಾರ್."

"ಮೊಹರು ಒಡೆದೇ ಇಲ್ಲ, ಒಳಗೆ ಹೇಗಯ್ಯಾ ಕೆಡುತ್ತೆ?"

"ಪಂಪಿನ ತಲೆ ಒಳಗೆ ಒಂದು ರಬ್ಬರ್ ಪೊರೆ ಇದೆ ಸಾರ್. ಟರ್ಬೊ ಗಾಳಿ ಅದನ್ನ ಕೆಳಗೆ ಒತ್ತಿದ್ರೆ ಡೀಸೆಲ್ ಜಾಸ್ತಿ ಬಿಡುತ್ತೆ. ಪೊರೆ ಕೆಳಗಿನ ಗಾಳಿ ಆಚೆ ಹೋಗೋಕೆ ಒಂದು ಸಣ್ಣ ತೂತಿದೆ. ಅದು ಮುಚ್ಚಿಕೊಂಡ್ರೆ ಪೊರೆ ಇಳಿಯಲ್ಲ."

"ಯಾರು ಮುಚ್ಚಿದ್ದು?"

ನಾನು ಅರಗಿನ ಕಡೆ ನೋಡಿದೆ. ಅಮ್ಮನವರು ಗೌನಿಪಲ್ಲಿ ಕಡೆಯವರು, ತಾಳ್ಮೆ ತಪ್ಪಿದರೆ ತೆಲುಗು ಬರುತ್ತೆ. "ಚಾಲ್ಲೆಂಡಿ ಮೀ ಅನುಮಾನಂ, ಸಾಕು ಮಾಡಿ. ನಮ್ಮನೇಲಿ ಉಪ್ಪಿನಕಾಯಿ ಜಾಡಿಗೂ ಮೊಹರು ಹಾಕಿಟ್ಟಿದ್ದಾರೆ ಕಣಪ್ಪಾ. ನೀನು ಒಡಿ" ಅಂದರು.

ರಾಯರು ಕನ್ನಡಕ ಹಾಕಿಕೊಂಡು ಮೊಹರು ಪರೀಕ್ಷೆ ಮಾಡಿದರು. 'ಒಡೆಯುವ ಮುಂಚೆ ಮೊಹರು ಸರಿಯಾಗಿತ್ತು' ಅಂತ ಚೀಟಿ ಬರೆದು ನನ್ನ ರುಜು ತಗೊಂಡರು. ಆಮೇಲೆ ನಾನು ಅರಗು ಒಡೆದು, ಅಮ್ಮನವರ ಸೇಫ್ಟಿ ಪಿನ್ನಿನಿಂದ ತೂತು ಬಿಡಿಸಿದೆ. ಕಡಲೆಬೇಳೆಯಷ್ಟು ಅರಗು ಹೊರಗೆ ಬಂತು.

ಮತ್ತೆ ದಿಣ್ಣೆಗೆ ಹೋದೆವು. ಕಾರು ಒಂದು ಸಲ ಕಪ್ಪಗೆ ಉಸಿರು ಬಿಟ್ಟು, ಸರ್ ಅಂತ ಹತ್ತಿಬಿಡ್ತು. ನನಗಂತೂ ಹೋದ ಜೀವ ಬಂದ ಹಾಗಾಯ್ತು.

ಶೆಡ್ಡಿಗೆ ಬಂದ ಮೇಲೆ ರಾಯರು ನನ್ನ ಹೆಗಲ ಮೇಲೆ ಕೈ ಇಟ್ಟರು. "ತಪ್ಪಾಯ್ತು ಮೇಸ್ತ್ರಿ. ನಿನ್ನಂಥವನ ಮೇಲೆ ಅನುಮಾನಪಟ್ಟೆ." ನಿಜ ಹೇಳ್ತೀನಿ, ನನ್ನ ಕಣ್ಣು ಒದ್ದೆಯಾಯ್ತು. ಅಂಥ ಮಾತನ್ನು ಯಾವ ಗಿರಾಕಿಯೂ ಅಂದಿರಲಿಲ್ಲ.

ಕಾರು ಸ್ಟಾರ್ಟ್ ಮಾಡಿ ನಾಲ್ಕು ಮಾರು ಹೋದರು. ನಿಲ್ಲಿಸಿದರು. ಹಾಗೇ ಹಿಂದಕ್ಕೆ ತಂದು ನನ್ನ ಮುಂದೆ ಗ್ಲಾಸು ಇಳಿಸಿದರು.

"ಅಲ್ಲಯ್ಯಾ, ಮೊಹರು ಒಡೆದಿರಲಿಲ್ಲ. ಅದಕ್ಕೆ ರುಜು ಹಾಕಿದೋನೂ ನೀನೇ. ಅರಗಿನ ಕೆಳಗೆ ತೂತಿರೋದು ನಿನಗೆ ಹೇಗೆ ಗೊತ್ತಾಯ್ತು?"