ಇಲ್ಲದ ನಾಯಿ ಕಳೆದುಹೋದದ್ದು

ಹೆಂಡತಿ ಬೈದರೆ ಸಹಿಸಿಕೊಳ್ಳಬಹುದು. ಬೈಯುವುದನ್ನೇ ನಿಲ್ಲಿಸಿಬಿಟ್ಟರೆ ಮನುಷ್ಯ ಏನು ಮಾಡಬೇಕು? ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ಇಪ್ಪತ್ತೆರಡು ವರ್ಷ ತಪ್ಪದೆ ಬೈಸಿಕೊಂಡು ಬಂದವನು ನಾನು. ಒಂದು ಮಂಗಳವಾರ ಎಂದಿನಂತೆ ಎಸೆದೆ. ಅವಳು ತುಟಿಪಿಟಕ್ಕೆನ್ನದೆ ಅದನ್ನೆತ್ತಿ ತಂತಿಗೆ ಹಾಕಿ, ಏನೋ ಗುನುಗುತ್ತ ಅಡುಗೆಮನೆಗೆ ಹೋದಳು. ನಾನು ಕೂಡಲೇ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಗುರುತು ಹಾಕಿದೆ.

ನನ್ನ ಉದ್ಯೋಗ ಹೇಳಿದರೆ ನಿಮಗೆ ಅರ್ಥವಾದೀತು. ವಿಮಾ ಕಚೇರಿಗೆ ಪರಿಹಾರ ಕೇಳಿ ಬರುವ ಅರ್ಜಿಗಳನ್ನು ಪರಿಶೀಲಿಸುವವನು ನಾನು. ಅಂದರೆ ಅನುಮಾನಪಡುವುದಕ್ಕೇ ನನಗೆ ಸಂಬಳ. ಕೈ ಮುರಿಯಿತೆಂದು ಒಬ್ಬ ಮಹಾಶಯ ಕಳಿಸಿದ ಮೂರು ಫೋಟೋಗಳಲ್ಲಿ ಬ್ಯಾಂಡೇಜು ಎಡಗೈಯಿಂದ ಬಲಗೈಗೆ ವರ್ಗವಾಗಿದ್ದನ್ನು ಹಿಡಿದ ಕಣ್ಣು ಇದು. ಮನೆಗೆ ಬಂದ ಕೂಡಲೇ ಮುಚ್ಚಿಕೊ ಎಂದರೆ ಮುಚ್ಚಿಕೊಳ್ಳುತ್ತದೆಯೆ?

ಬದಲಾವಣೆಯೆಲ್ಲ ಶುರುವಾದದ್ದು ನಾಯಿಗಳ ಪಾರ್ಕಿನಿಂದ. ನಾಯಿಯನ್ನು ತಂದವನೇನೋ ನಾನೇ. ವರ್ಗವಾಗಿ ಹೊರಟ ಸಹೋದ್ಯೋಗಿ ಅದನ್ನು ಬಿಟ್ಟುಹೋಗಲಾರದೆ ಕಣ್ಣೀರಿಟ್ಟಾಗ "ನಾನಿದೀನಿ" ಎಂದುಬಿಟ್ಟಿದ್ದೆ. ಮನೆಗೆ ಕಾಲಿಟ್ಟ ಐದೇ ನಿಮಿಷಕ್ಕೆ ಅದು ನಾನು ಒರಗುವ ದಿವಾನವನ್ನೇರಿ ಮಲಗಿದ್ದರಿಂದ ದಿವಾನ ಎಂದೇ ಹೆಸರಾಯಿತು. (ಆಸನದ ಜೊತೆಗೆ ಅಧಿಕಾರವೂ ಹೋಯಿತು.) ದಿನಾ ಸಂಜೆ ನಾನೇ ಸುತ್ತಾಡಿಸುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಒಂಬತ್ತು ದಿನ ಸುತ್ತಾಡಿಸಿದೆ ಕೂಡ. ಹತ್ತನೆಯ ದಿನ ಮಂಡಿನೋವು ಬಂತು. (ಟಿವಿಯಲ್ಲಿ ಕ್ರಿಕೆಟ್ಟೂ ಬಂತು.) ಅಂದಿನಿಂದ ಚೈನು ಅವಳ ಕೈಗೆ.

ಮೊದಮೊದಲು ಅರ್ಧ ಗಂಟೆಗೆ ಹಿಂತಿರುಗುತ್ತಿದ್ದಳು, ಬಂದ ಕೂಡಲೇ ನನ್ನ ಮಂಡಿಯ ಯೋಗಕ್ಷೇಮವನ್ನು ವ್ಯಂಗ್ಯವಾಗಿ ವಿಚಾರಿಸುತ್ತಿದ್ದಳು. ಬರಬರುತ್ತ ಅರ್ಧ ಗಂಟೆ ಎರಡು ಗಂಟೆಯಾಯಿತು. ಹೊಸ ಬೂಟು ಬಂತು. ಫೋನು ಟಿಣ್ ಎಂದರೆ ನೋಡಿ, ನಕ್ಕು, ಬೋರಲಾಗಿಡತೊಡಗಿದಳು. ಪಾರ್ಕಿಗೆ ಯಾರು ಬರುತ್ತಾರೆಂದು ಕೇಳಿದರೆ, ಯಾರ್ಯಾರೋ ಬರುತ್ತಾರೆ ಎನ್ನುತ್ತಿದ್ದಳು. ನಮ್ಮ ಕಚೇರಿಯಲ್ಲಿ 'ಯಾರ್ಯಾರೋ' ಎಂದು ಬರೆದ ಅರ್ಜಿ ಬಂದರೆ ಆ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತೇವೆ. ಒಂದು ದಿನ ಬಾಯಿತಪ್ಪಿ, ಡ್ರಾಯಿಂಗ್ ಮೇಷ್ಟ್ರಿಗೆ ಎಷ್ಟು ತಾಳ್ಮೆ ಎಂದಳು.

"ಮೇಷ್ಟ್ರಿಗೆ ವಯಸ್ಸೆಷ್ಟು?" ಎಂದೆ, ಪೇಪರಿನಿಂದ ತಲೆಯೆತ್ತದೆ.

"ಅವರಿಗೋ, ಅವರ ನಾಯಿಗೋ?"

"ಅವರಿಗೆ."

"ಕೇಳಿಲ್ಲ ರೀ. ನಾಯಿಗೆ ಹನ್ನೊಂದು."

ಗುರುವಾರ ಹೊಟ್ಟೆನೋವೆಂದು ರಜೆ ಬರೆದುಕೊಟ್ಟು ಕಚೇರಿಯಿಂದ ಬೇಗ ಹೊರಟೆ. (ಅದು ನನ್ನ ಮೇಜಿಗೆ ಬಂದಿದ್ದರೆ ತಿರಸ್ಕರಿಸುತ್ತಿದ್ದೆ.) ತಲೆಗೊಂದು ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ ಏರಿಸಿ ಪಾರ್ಕಿನ ಗೇಟು ತಲುಪಿದೆ. ಕಾವಲುಗಾರ ಅಡ್ಡ ನಿಂತು ಬೋರ್ಡು ತೋರಿಸಿದ. ನಾಯಿ ಇಲ್ಲದವರಿಗೆ ಪ್ರವೇಶವಿಲ್ಲ. ನಿಮ್ಮ ನಾಯಿ ಎಲ್ಲಿ ಎಂದು ಕೇಳಿದ.

"ಕಳೆದುಹೋಗಿದೆ. ಹುಡುಕೋಕೆ ಬಂದೆ" ಎಂದೆ. ಆ ಕ್ಷಣಕ್ಕೆ ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ದುರದೃಷ್ಟಕ್ಕೆ ಆತ ಕರುಣಾಮಯಿ. ಬಣ್ಣ ಕೇಳಿದ, ಕಂದು ಎಂದೆ. ಗುರುತು ಕೇಳಿದ, ಒಂದು ಕಿವಿ ಮೇಲೆ, ಒಂದು ಕೆಳಗೆ ಎಂದೆ. ಹೆಸರು ಕೇಳಿದ, ರಾಜಾ ಎಂದೆ. ಆತ ಸೀಟಿ ಊದಿ ಇಡೀ ಪಾರ್ಕಿಗೆ ಸಾರಿಬಿಟ್ಟ. ಇಪ್ಪತ್ತು ಜನ ಕೂತಲ್ಲಿಂದ ಎದ್ದು "ರಾಜಾ, ರಾಜಾ" ಎಂದು ಮೂಲೆಮೂಲೆಗೆ ಓಡಿದರು. ಯಾರೋ ನೀರು ಕೊಟ್ಟರು. ಇಬ್ಬರು ಬೆನ್ನು ಸವರಿದರು. ಒಬ್ಬರೂ ಒಂದು ದಾಖಲೆ ಕೇಳಲಿಲ್ಲ. ಸುಮ್ಮನೆ ನಿಲ್ಲುವುದು ಚೆನ್ನಾಗಿರುವುದಿಲ್ಲವೆಂದು ನಾನೂ ರಾಜಾ ಎಂದು ಕೂಗಿದೆ. ಎರಡನೆಯ ಸಲಕ್ಕೆ ನಾನೇ ಕಸದ ಡಬ್ಬಿಯ ಹಿಂದೆ ಬಗ್ಗಿ ನೋಡಿದೆ.

ಆಗ ಪೊದೆಯ ಹಿಂದಿನಿಂದ ಒಂದು ದನಿ ಕೇಳಿತು: "ರಾಜಾ, ಎಲ್ಲಿದೀಯಪ್ಪಾ, ಬಾ ಕಂದಾ." ನನ್ನ ಹೆಂಡತಿ. ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಒಂದು ಸಲವೂ ಆ ದನಿಯಲ್ಲಿ ಕರೆದವಳಲ್ಲ. ಹುಟ್ಟೇ ಇಲ್ಲದ ನಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟರಲ್ಲಿ ಅವಳ ಕೈಯಿಂದ ಚೈನು ಕಿತ್ತುಕೊಂಡು ಬಂದ ದಿವಾನ ನನ್ನ ಎದೆಗೆ ಎರಡೂ ಕಾಲಿಟ್ಟು, ಕನ್ನಡಕ ಬೀಳುವವರೆಗೆ ಮುಖ ನೆಕ್ಕಿದ.

"ರೀ," ಎಂದಳು ಹೆಂಡತಿ ಹತ್ತಿರ ಬಂದು, "ಕಳೆದುಹೋದ ನಾಯಿ ನಿಮ್ದಾ?"

ಇನ್ನು ಮುಚ್ಚಿಡುವುದಕ್ಕೇನಿತ್ತು? ನಿನ್ನ ಮೇಷ್ಟ್ರು ಎಲ್ಲಿ ಎಂದು ಗದರಿದೆ. ಅವಳು ಕಲ್ಲುಬೆಂಚಿನ ಕಡೆ ಕೈ ತೋರಿಸಿದಳು. ಅದರ ಅಡಿಯಿಂದ ಎಂಬತ್ತು ದಾಟಿದ ಮುದುಕರೊಬ್ಬರು ಅಂಬೆಗಾಲಿಡುತ್ತ ಹೊರಬಂದರು. ಪ್ಯಾಂಟಿನ ಮಂಡಿಯೆಲ್ಲ ಕೆಸರು. ಹಿಂದೆ ಕುಂಟುತ್ತ ಅವರ ನಾಯಿ.

"ಈ ಕಡೆ ಸಿಗಲಿಲ್ಲ ಸಾರ್," ಎಂದರು ಏದುಸಿರು ಬಿಡುತ್ತ. "ಧೈರ್ಯವಾಗಿರಿ. ನಿಮ್ಮ ರಾಜಾನ್ನ ಹುಡುಕಿಕೊಡೋದು ನನ್ನ ಜವಾಬ್ದಾರಿ."

ನನ್ನ ತಲೆ ತಾನಾಗಿ ತಗ್ಗಿತು. ಹೆಂಡತಿಯ ಜೊತೆಗಿದ್ದ ದಪ್ಪನೆಯ ಹೆಂಗಸು (ನಿವೃತ್ತ ನರ್ಸು, ಎಲ್ಲರ ಬಾಯಲ್ಲಿ ಸಿಸ್ಟರಮ್ಮ) ನನ್ನ ರಟ್ಟೆ ಹಿಡಿದು ಬೆಂಚಿನ ಮೇಲೆ ಕೂರಿಸಿದರು. "ನಾಯಿಗಳು ಒಂದ್ಸಲ ಮೂಸಿ ನೋಡ್ತವೆ, ಸ್ನೇಹ ಮಾಡ್ಕೊಂಡು ಆಟಕ್ಕೆ ಹೋಗ್ತವೆ. ನೀವು ಎರಡು ತಿಂಗಳಿಂದ ಮೂಸ್ತಾನೇ ಇದೀರಂತಲ್ಲ" ಎಂದರು.

ನಿಮಗೆ ಯಾರು ಹೇಳಿದ್ದು ಎಂದು ಹೆಂಡತಿಯ ಕಡೆ ನೋಡಿದೆ. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಪಾರ್ಕಿಗೆ ಬನ್ನಿ ಬನ್ನಿ ಅಂತ ಎಷ್ಟು ಸಲ ಕರೆದೆ? ಆಫೀಸು, ಟಿವಿ ಬಿಟ್ರೆ ನಿಮಗೆ ಮಾತಾಡೋಕೆ ಒಬ್ರಿಲ್ಲ. ಬೈದೆ, ಅದಕ್ಕೂ ಬರಲಿಲ್ಲ. ಬೈಯೋದು ನಿಲ್ಲಿಸಿ, ಮನೆಗೆ ಲೇಟಾಗಿ ಹೋಗಿ, ಹಾಡು ಗುನುಗಿ ಅಂದ್ರು ಸಿಸ್ಟರಮ್ಮ. ದಿವಾನಂಗೆ ಬಿಸ್ಕತ್ತು ತೋರಿಸಿದ್ರೆ ಬರ್ತಾನೆ. ನಿಮಗೆ ಅನುಮಾನ ತೋರಿಸ್ದೆ."

ಎಲ್ಲರೂ ನಕ್ಕರು. ಕಿವಿ ಮಂದವಾಗಿದ್ದ ಮೇಷ್ಟ್ರೊಬ್ಬರೇ ನಗದೆ, ಜೇಬಿನಿಂದ ಪೆನ್ಸಿಲ್ ತೆಗೆದು, ಮೇಲಿದ್ದದ್ದು ಎಡಗಿವಿಯೋ ಬಲಗಿವಿಯೋ ಎಂದು ಕೇಳಿದರು. ಆ ಮುಖಕ್ಕೆ ನಿಜ ಹೇಳುವ ಧೈರ್ಯ ಬರಲಿಲ್ಲ. ಎಡಗಿವಿ ಎಂದೆ.

ಮಾರನೆಯ ಸಂಜೆಯಿಂದ ದಿವಾನನನ್ನು ನಾನೇ ಕರೆದೊಯ್ಯತೊಡಗಿದೆ. ಅಂಟಿನ ಡಬ್ಬಿಯನ್ನೂ ನಾನೇ ಹೊತ್ತೆ. ಮೇಷ್ಟ್ರು ಕೈಯಾರೆ ಬರೆದ ಮೂವತ್ತು ರಾಜಾಗಳನ್ನು ಬೀದಿಬೀದಿಯ ಕಂಬಗಳಿಗೆ ನಾವಿಬ್ಬರೂ ಸೇರಿ ಅಂಟಿಸಿದೆವು. ದಾರಿಯುದ್ದಕ್ಕೂ ಅವರು ಸತ್ತ ಹೆಂಡತಿಯ ವಿಷಯ ಹೇಳಿದರು. ನಾನು ಯಾರಿಗೂ ಹೇಳದ ಏನೇನನ್ನೋ ಹೇಳಿದೆ. ಮದುವೆಯಾದ ಮೇಲೆ ನನಗೆ ಸಿಕ್ಕ ಮೊದಲ ಗೆಳೆಯ ಅವರು. ನಿಜವನ್ನು ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಳ್ಳುತ್ತ ವಾರ ಕಳೆಯಿತು.

ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಮೇಷ್ಟ್ರು, ಪಕ್ಕದಲ್ಲಿ ಕಾವಲುಗಾರ, ಇಬ್ಬರ ನಡುವೆ ಹಗ್ಗದಲ್ಲಿ ಒಂದು ನಾಯಿ. ಬೀದಿಯದೇ ಇರಬೇಕು, ಪಕ್ಕೆಲುಬು ಕಾಣುತ್ತಿತ್ತು. ಕಂದು ಬಣ್ಣ. ಎಡಗಿವಿ ಮೇಲೆ, ಬಲಗಿವಿ ಕೆಳಗೆ. ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತ್ತು.

"ರಾಜಾ ಅಂದೆ, ತಿರುಗಿ ನೋಡಿದ ಸಾರ್."

ನಾಯಿಯನ್ನು ಮೂಗಿನಿಂದ ಬಾಲದವರೆಗೆ ಪರಿಶೀಲಿಸಿದೆ. ತಿರಸ್ಕರಿಸುವುದಕ್ಕೆ ಒಂದೇ ಒಂದು ಕಾರಣ ಸಿಗಲಿಲ್ಲ. ಹಗ್ಗ ಕೈಗೆ ತೆಗೆದುಕೊಂಡೆ. ಹೆಂಡತಿ ಹಿಂದೆ ಬಂದು ನಿಂತು, ಅವರಿಬ್ಬರೂ ಮೆಟ್ಟಿಲಿಳಿಯುವವರೆಗೆ ಕಾದು ಹೇಳಿದಳು:

"ಇವನನ್ನ ಬೆಳಿಗ್ಗೆ ಸುತ್ತಾಡಿಸ್ಬೇಕು ಅನ್ಸುತ್ತೆ, ರೀ. ಐದೂವರೆಗೆ ಎಬ್ಬಿಸ್ಲಾ?"