ಯಾವ ಸಿಸ್ಟಮ್ ಹಾಕ್ಲಿ, ಸಾವಕಾರ್ರ?

ವೆಬ್‌ಸೈಟ್ ಕಟ್ಟಿಕೊಡುವ ನನ್ನ ಕೆಲಸದಲ್ಲಿ ನಗೆಗೇನೂ ಬರವಿಲ್ಲ. ಆದರೆ ನಗು ಬರುವ ಹೊತ್ತಿಗೆ ಎದುರಿಗಿದ್ದವರ ಮುಖ ನೋಡಿದರೆ ನಗಲು ಧೈರ್ಯ ಸಾಲುವುದಿಲ್ಲ. ರಾಣೆಬೆನ್ನೂರಿನಲ್ಲಿ ಮಹಡಿಯ ಮೇಲೊಂದು ಕೋಣೆ, ಒಂದು ಕಂಪ್ಯೂಟರು, ನಾನೊಬ್ಬಳೇ. ಎಲ್ಲರಿಗೂ ನನ್ನ ಮೊದಲ ಪ್ರಶ್ನೆ ಒಂದೇ: ಯಾವ ಸಿಎಂಎಸ್ ಹಾಕಲಿ? ಕೋಡ್ ಗೊತ್ತಿಲ್ಲದವರೂ ತಮ್ಮ ವೆಬ್‌ಸೈಟಿನಲ್ಲಿ ತಾವೇ ಬರೆದು, ಫೋಟೊ ಹಾಕಲು ಬರುವ ಸಾಫ್ಟ್‌ವೇರ್ ಅದು. ಹತ್ತಾರು ಬಗೆಯವು ಸಿಗುತ್ತವೆ. ಆರಿಸಲು ಕೂತರೆ ಮಂದಿ ಸಾಫ್ಟ್‌ವೇರಿನ ಮಾತು ಬಿಟ್ಟು ಮನೆಯ ಮಾತು ತೆಗೆಯುತ್ತಾರೆ.

ತಲೆ ಇಲ್ಲದ್ದು

ನಮ್ಮೂರಿನ ಬೀಜದಂಗಡಿಯ ಸಾವಕಾರರೊಬ್ಬರು ಕರೆಸಿದ್ದರು. ಎದುರಿಗೇ ಹೊಸ ಅಂಗಡಿ ಬಂದು ಇವರ ಗಿರಾಕಿಗಳೆಲ್ಲ ರಸ್ತೆ ದಾಟಿದ್ದರು. ಬಿತ್ತನೆಯ ಕಾಲದಲ್ಲೂ ಅಂಗಡಿ ಭಣಭಣ ಅನ್ನುತ್ತಿತ್ತು. ಸಾವಕಾರರ ಮುಖ ಬಾಡಿಹೋಗಿತ್ತು. ನಾನು ಒಂದೊಂದೇ ಸಿಸ್ಟಮ್ ತೋರಿಸುತ್ತ ಹೋದೆ.

"ಇದು ಹೆಡ್‌ಲೆಸ್ ಅಂತ್ರಿ. ಒಳಗಿನ ಕೆಲಸ ಅಷ್ಟ ಮಾಡತೈತಿ. ಹೊರಗ ಕಾಣೂ ಮುಖ ನಾವ ಬ್ಯಾರೆ ಕಟ್ಟಬೇಕ್ರಿ."

"ಹೆಡ್‌ಲೆಸ್ ಅಂದ್ರ?"

"ತಲಿ ಇಲ್ಲದ್ದು ಅಂತ್ರಿ."

ಸಾವಕಾರರು ಗಲ್ಲಾದ ಮುಂದೆ ಮೊಬೈಲ್ ತಿಕ್ಕುತ್ತ ಕೂತ ಅಳಿಯನನ್ನು ನೋಡಿದರು. ಬೀಜದ ಚೀಲಕ್ಕೆ ಒರಗಿ ತೂಕಡಿಸುತ್ತಿದ್ದ ತಮ್ಮನನ್ನು ನೋಡಿದರು. ದೊಡ್ಡ ಉಸಿರು ಬಿಟ್ಟರು.

"ಬ್ಯಾಡ್ರಿ ಅಕ್ಕಾರ. ಅಂಥಾವು ಅಂಗಡ್ಯಾಗ ಆಗಲೇ ಎರಡು ಅದಾವು."

ದರದ ಕೆಳಗಿನ ಸಾಲು

ಬ್ಯಾಡಗಿಯ ಅಣ್ಣತಮ್ಮಂದಿರದು ಮೆಣಸಿನಕಾಯಿ ವ್ಯಾಪಾರ. ಮನೆ ಪಾಲಾದ ದಿನದಿಂದ ಇಬ್ಬರಿಗೂ ಮಾತಿಲ್ಲ. ಅಂಗಡಿ ಮಾತ್ರ ಒಂದೇ ಉಳಿದಿತ್ತು. ಅದರೊಳಗೆ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂರುತ್ತಿದ್ದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಒಪ್ಪಿದ ಮೇಲೇ ಪ್ರಕಟವಾಗುವ ಸಿಸ್ಟಮ್ ಒಳ್ಳೆಯದು, ದರ ತಪ್ಪಾಗುವುದಿಲ್ಲ ಅಂದೆ.

"ನಾ ಬರದದ್ದು ಅಂವಾ ಒಪ್ಪಬೇಕ?" ಅಂದರು ಅಣ್ಣ.

"ಅವರು ಬರದದ್ದು ನಾ ಓದಬೇಕ?" ಅಂದರು ತಮ್ಮ, ಗೋಡೆಯ ಕಡೆ ಮುಖ ಮಾಡಿ.

ಕೊನೆಗೆ ಇಬ್ಬರಿಗೂ ಸಮ ಅಧಿಕಾರವಿರುವ, ಮೊಬೈಲಿನಲ್ಲಿ ಬರೆದ ಕೂಡಲೇ ಜಗತ್ತಿಗೆಲ್ಲ ಕಾಣುವ ಸಿಸ್ಟಮ್ ಹಾಕಿಕೊಟ್ಟೆ. ಒಂದು ವಾರಕ್ಕೇ ಅಣ್ಣತಮ್ಮ ಮಾತಾಡಲು ಶುರುಮಾಡಿದರು, ವೆಬ್‌ಸೈಟಿನಲ್ಲಿ. ಅಂದಿನ ದರದ ಕೆಳಗೆ, "ಗೋದಾಮಿನ ಕೀಲಿ ಎಲ್ಲಿ?" ಅದರ ಕೆಳಗೆ, "ನನಗೇನು ಗೊತ್ತು?"

ಗಾಬರಿಯಾಗಿ ಅಣ್ಣನಿಗೆ ಫೋನ್ ಮಾಡಿದೆ. "ಇದು ಎಲ್ಲಾರಿಗೂ ಕಾಣತೈತ್ರಿ."

"ಕಾಣ್ಲಿ ಬಿಡ್ರಿ. ಅವನ ಮುಖಾ ನೋಡಿ ಮಾತಾಡೋದಕಿಂತ ಇದ ಛಲೋ ಐತಿ."

ಒಂದು ಮಧ್ಯಾಹ್ನ ಕಡ್ಡಿ ಮತ್ತು ಡಬ್ಬಿ ಮೆಣಸಿನಕಾಯಿ ದರಗಳ ನಡುವೆ ಒಂದು ಸಾಲು ಬಂತು: "ಅವ್ವಗ ಆರಾಮಿಲ್ಲ. ದವಾಖಾನ್ಯಾಗ ಇಟ್ಟೇವಿ. ಬರೋದಿದ್ರ ಬಾ." ಅದನ್ನು ಅಳಿಸಲು ನನಗೆ ಕೈ ಬರಲಿಲ್ಲ. ತಮ್ಮ ಅದನ್ನು ಓದಿ ಓಡಿದರು. ದವಾಖಾನೆಯ ಬಾಗಿಲಲ್ಲಿ ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಮೂರು ದಿನ ಕೂತರಂತೆ. ಹೆಂಗೋ ಅವ್ವ ಬದುಕಿ ಮನೆಗೆ ಬಂದರು.

ಮರುವಾರ ವಿಜಯಪುರದಿಂದ ಹೊಸ ಗಿರಾಕಿಯ ಫೋನ್. ವೆಬ್‌ಸೈಟ್ ನೋಡಿ ಫೋನ್ ಮಾಡಿದ ಮೊದಲನೆಯವರು. ಅಣ್ಣ ಉಮೇದಿನಿಂದ ದರ ಹೇಳಲು ಹೊರಟರೆ ಆ ಕಡೆಯಿಂದ:

"ರೇಟು ಆಮ್ಯಾಲ ಹೇಳ್ರಿ. ಮೊದಲ ಅವ್ವ ಹೆಂಗದಾರ ಹೇಳ್ರಿ. ಮತ್ತ ಆ ಗೋದಾಮಿನ ಕೀಲಿ ಸಿಕ್ಕಿತೇನು?"

ನಮ್ಮ ಬಳಗ

ಹಾವೇರಿಯ ಒಂದು ವಾಚನಾಲಯದ ಕೆಲಸ ನೆನೆದರೆ ಇವತ್ತಿಗೂ ಸಂಕಟ. ಅಧ್ಯಕ್ಷರು ನಿವೃತ್ತ ಮಾಸ್ತರರು. ಸಿಸ್ಟಮ್ ಆರಿಸಲು ಕಮಿಟಿ ಆರು ಸಭೆ ಮಾಡಿತು. ಕೊನೆಗೆ ಆರಿಸಿದ್ದು ಪುಟಗಳೆಲ್ಲ ಸಿದ್ಧವಾಗಿ, ಮಾದರಿ ಫೋಟೊಗಳ ಸಮೇತ ಬರುವ ಸಿಸ್ಟಮನ್ನು. "ಇದರಾಗ ಮೊದಲ ಎಲ್ಲಾ ತುಂಬೇತಿ, ಇದ ಇರ್ಲಿ" ಅನ್ನುವುದು ಅವರ ಕಾರಣ.

'ನಮ್ಮ ಬಳಗ' ಎಂಬ ಪುಟದಲ್ಲಿ ಕೋಟು ತೊಟ್ಟ ಬಿಳಿ ವಿದೇಶಿಯೊಬ್ಬನ ಮಾದರಿ ಫೋಟೊ ಇತ್ತು. ಬಾಯ್ತುಂಬ ನಗು. ಅದರ ಕೆಳಗೆ ಮಾಸ್ತರರ ಹೆಸರು ಹಾಕಿ, "ಸರ್, ನಿಮ್ಮ ಫೋಟೊ ಕಳಸ್ರಿ, ಬದಲಿ ಮಾಡ್ತೇನಿ" ಅಂದೆ.

"ಕಳಸ್ತೇನಿ ತಂಗಿ."

ಮೂರು ಸಲ ಕೇಳಿದೆ. ಮೂರನೇ ಸಲ, "ಪುಸ್ತಕ ಓದಾಕ ಬರೋರು ಅಧ್ಯಕ್ಷನ ಮುಖಾ ಯಾಕ ನೋಡ್ತಾರ? ಇರ್ಲಿ ಬಿಡು" ಅಂದರು. ಆಮೇಲೆ ನಾನೂ ಮರೆತೆ.

ಒಂದು ಬೆಳಿಗ್ಗೆ ಮಾಸ್ತರರು ಹೋದ ಸುದ್ದಿ ಬಂತು. ಬಸ್ ಹತ್ತಿ ಹೋದೆ. ಅವರ ಓಣಿಯ ತಿರುವಿನಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು: "ಮತ್ತೆ ಹುಟ್ಟಿ ಬನ್ನಿ, ಗುರುಗಳೇ." ಮೇಲೆ ಆ ವಿದೇಶಿ, ಕೋಟಿನ ಮೇಲೆ ಹೂವಿನ ಹಾರ. ಫ್ಲೆಕ್ಸ್ ಮಾಡಿದವರು ಅವಸರದಲ್ಲಿ ವೆಬ್‌ಸೈಟ್ ತೆರೆದು ಹೆಸರು ನೋಡಿದ್ದರು, ಫೋಟೊ ಇಳಿಸಿಕೊಂಡಿದ್ದರು. ಮಾಸ್ತರರನ್ನು ಕಂಡೇ ಇರದ ಕೆಲವರು ಕೈಮುಗಿದು ನಿಂತಿದ್ದರು. ಅವರಲ್ಲೊಬ್ಬರು ಮೆಲ್ಲಗೆ, "ಹರೇದಾಗ ಭಾಳ ಕೆಂಪಗ ಇದ್ರು ನೋಡ್ರಿ" ಅಂದರು.

ನಾನು ಅವರ ಮನೆಗೆ ಹೋಗಿ ಮಾಸ್ತರರ ಹೆಂಡತಿಯ ಮುಂದೆ ಕೂತು, "ತಪ್ಪು ನಂದ್ರಿ ಅವ್ವಾರ, ಈಗ ಬಿಚ್ಚಸ್ತೇನಿ" ಅಂದೆ. ಅವರಿಗೆ ಏನೆಂದು ತಿಳಿಯಲಿಲ್ಲ. ಎದ್ದು, ನನ್ನ ಕೈ ಹಿಡಿದುಕೊಂಡು ತಿರುವಿನವರೆಗೆ ಬಂದರು. ಮಂದಿ ಸರಿದು ದಾರಿ ಬಿಟ್ಟರು. ಆ ಹಿರಿಯಾಕೆ ತಲೆ ಎತ್ತಿ ಫ್ಲೆಕ್ಸ್ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಮದುವಿ ದಿನದಿಂದ ಹೇಳಕೋಂತ ಬಂದೆ, ಫೋಟೊದಾಗ ಒಮ್ಮೆರ ನಗ್ರಿ, ನಗ್ರಿ ಅಂತ. ಒಮ್ಮೆನೂ ನಗಲಿಲ್ಲ ನೋಡವಾ. ಈಗ ಹೋಗೂ ಹೊತ್ತಿನ್ಯಾಗ ಹೆಂಗ ಹಲ್ಲು ಕಿಸದಾರ!"