ಜೋಮಿಗೆ ಚೀನೀ ಕಷಾಯ

ಕಾಲಿಗೆ ಜೋಮು ಹಿಡಿಯುವುದು ಒಂದು ಕಾಯಿಲೆಯೇ ಅಲ್ಲ ಎನ್ನುವವರು ಒಮ್ಮೆ ನನ್ನ ಕಾಲುಗಳನ್ನು ಬಾಡಿಗೆಗೆ ತೆಗೆದುಕೊಂಡು ನೋಡಬೇಕು. ಚಕ್ಕಂಬಕ್ಕಳ ಹಾಕಿ ಹತ್ತು ನಿಮಿಷವಾದರೆ ಸಾಕು, ಮೊಣಕಾಲಿನ ಕೆಳಗಿನ ಭಾಗ ನನ್ನದೋ ಪಕ್ಕದವರದೋ ತಿಳಿಯುವುದಿಲ್ಲ. ಹೀಗಿರುವಾಗ ರೌಸ್ ಹಿಲ್ ಬಡಾವಣೆಯಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ ನಿಶ್ಚಯವಾಯಿತು. ನವಗ್ರಹ ಹೋಮ. ಎರಡು ಗಂಟೆ ಮಣೆಯ ಮೇಲೆ ಕೂರಬೇಕು.

“ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ನಮ್ಮಣ್ಣ ಅತ್ತಿಗೆ ಕೂತ್ಕೋತಾರೆ,” ಎಂದಳು ಹೆಂಡತಿ ಸುಧಾ.

ಅವಳ ಅಣ್ಣ, ಅಂದರೆ ಮೆಲ್ಬರ್ನ್‌ನ ನಮ್ಮ ಭಾವ, ದಿನಾ ಯೋಗಾಸನ ಮಾಡುವ ಮನುಷ್ಯ. ಹನ್ನೊಂದು ವರ್ಷ ಎಪ್ಪಿಂಗ್‌ನ ಬಾಡಿಗೆ ಫ್ಲಾಟ್‌ನಲ್ಲಿ ಕಳೆದು ನಾನು ಕಟ್ಟಿಸಿದ ಮನೆ. ಅದರ ಮಣೆಯ ಮೇಲೆ ಭಾವ! ಪ್ರಾಣ ಹೋದರೂ ನಾನೇ ಕೂರುತ್ತೇನೆ ಎಂದು ಶಪಥ ಮಾಡಿದೆ.

ನಮ್ಮ ಫ್ಯಾಮಿಲಿ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಕಾಯಿಲೆ ಏನೂ ಇಲ್ಲ, ಕುರ್ಚಿಯ ಮೇಲೆ ಕೂತುಕೊಳ್ಳಿ ಎಂದರು. ಅವರಿಗೆ ಹೋಮದ ವಿಚಾರ ಏನು ಗೊತ್ತು? ಎಪ್ಪಿಂಗ್ ಸ್ಟೇಷನ್ ಹತ್ತಿರದ ಚೀನೀ ವೈದ್ಯೆಯ ಬಳಿ ಹೋದೆ. ಆಕೆ ನಾಲಿಗೆ ಚಾಚಿಸಿ, ಎರಡೂ ಕೈಯ ನಾಡಿ ಹಿಡಿದು, ರಕ್ತದ ಓಟ ಮಂದವಾಗಿದೆ ಎಂದರು. ಬೇರು, ದಾಲ್ಚಿನ್ನಿ ಕಡ್ಡಿ, ಕೆಂಪು ಖರ್ಜೂರ ಸೇರಿಸಿದ ಪೊಟ್ಟಣಗಳನ್ನು ಕಂದು ಕಾಗದದ ಚೀಲಕ್ಕೆ ತುಂಬಿಕೊಟ್ಟರು. ದಿನಕ್ಕೊಂದು ಪೊಟ್ಟಣ, ಮೂರು ಬಟ್ಟಲು ನೀರು ಒಂದು ಬಟ್ಟಲಿಗೆ ಇಳಿಯಬೇಕು.

ಕಷಾಯ ಕಾಯಿಸುವುದನ್ನು ಮೈಸೂರಿನವನಿಗೆ ಹೇಳಿಕೊಡಬೇಕೇ?

“ಅಡುಗೆಮನೆ ಕಪಾಟಲ್ಲಿ ಎಡಗಡೆ ಇರೋ ಚೀಲ ನಿಮ್ದು. ಬಲಗಡೆ ಅಂಥದ್ದೇ ಕಂದು ಚೀಲದಲ್ಲಿರೋದು ಅಣ್ಣ ಮೆಲ್ಬರ್ನ್‌ನಿಂದ ಕಳಿಸಿರೋ ಹೋಮದ ಸಾಮಾನು,” ಎಂದಳು ಸುಧಾ.

“ನನ್ನ ಔಷಧಿ ನಂಗೆ ಗೊತ್ತಿಲ್ವೇನೇ?” ಎಂದೆ, ಫೋನಿನಿಂದ ತಲೆ ಎತ್ತದೆ.

ಏಳು ದಿನ ಶ್ರದ್ಧೆಯಿಂದ ಕುದಿಸಿ ಕುಡಿದೆ. ಸೌದೆಯನ್ನೇ ಅಗಿದಂತಿತ್ತು. ಖರ್ಜೂರ ಕಾಣಲಿಲ್ಲ, ಕರಗಿರಬೇಕು ಎಂದುಕೊಂಡೆ. ಕುಡಿದ ಮೇಲೆ ಮಣೆ ಹಾಕಿಕೊಂಡು ಕೂತು ಪರೀಕ್ಷೆ ಮಾಡುತ್ತಿದ್ದೆ. ಮೊದಲ ದಿನ ಹದಿನೈದು ನಿಮಿಷ, ಏಳನೆಯ ದಿನ ಒಂದೂವರೆ ಗಂಟೆ! ಆಫೀಸಿನಲ್ಲಿ ಸಿಕ್ಕವರಿಗೆಲ್ಲ ಚೀನೀ ವೈದ್ಯದ ಮಹಿಮೆ ಸಾರಿದೆ. ಭಾವನಿಗೂ ಫೋನ್ ಮಾಡಿ, ನಿಮ್ಮ ಕಾಲಿಗೂ ಬೇಕಿದ್ದರೆ ಹೇಳಿ, ಕಳಿಸುತ್ತೇನೆ ಎಂದೆ.

ಗೃಹಪ್ರವೇಶದ ದಿನ ಮೊದಲ ಒಂದು ಗಂಟೆ ಮಣೆಯ ಮೇಲೆ ರಾಜನ ಹಾಗೆ ಕೂತಿದ್ದೆ. ಪುರೋಹಿತರು ನವಗ್ರಹ ಸಮಿಧೆ ಕೇಳಿದರು. ಸುಧಾ ಎರಡು ಚೀಲಗಳಲ್ಲಿ ಖಾಲಿಯಾಗದೆ ತುಂಬಿದ್ದನ್ನು ಆರಿಸಿ ತಂದುಕೊಟ್ಟಳು. ಅವರು ಒಂದು ಪೊಟ್ಟಣ ಬಿಚ್ಚಿದರು.

“ಇದೇನಮ್ಮ, ಖರ್ಜೂರ?”

ಸುಧಾ ನನ್ನನ್ನು ನೋಡಿದಳು. ನಾನು ಹೋಮಕುಂಡವನ್ನು ನೋಡಿದೆ. ಅಡುಗೆಮನೆಯಿಂದ ಇನ್ನೊಂದು ಚೀಲ ಬಂತು. ಒಂಬತ್ತು ಕಟ್ಟು ಸಮಿಧೆಯಲ್ಲಿ ಎರಡು ಉಳಿದಿದ್ದವು.

“ಉಳಿದ ಏಳು ಗ್ರಹ ಎಲ್ಲಿ?” ಎಂದರು ಪುರೋಹಿತರು.

“ಇವರು ಕುಡಿದ್ರು,” ಎಂದಳು ಸುಧಾ.

ಪುರೋಹಿತರು ಉಳಿದ ಕಟ್ಟುಗಳನ್ನು ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು. “ಪುಣ್ಯ, ಎಕ್ಕ ಇಲ್ಲೇ ಇದೆ. ಇದನ್ನೂ ಕುಡಿದಿದ್ರೆ ಇವತ್ತು ನಾನು ಬೇರೆ ಮಂತ್ರ ಹೇಳ್ಬೇಕಿತ್ತು. ಇರ್ಲಿ, ತುಪ್ಪದಲ್ಲೇ ನಡೆಸೋಣ.”

“ಹಾಗಾದ್ರೆ ಕಾಲು ಸರಿ ಹೋಗಿದ್ದು?” ಎಂದು ಮೆಲ್ಲಗೆ ಕೇಳಿದೆ.

“ದಿನಾ ಕೂತು ಕೂತು ಅಭ್ಯಾಸ ಆಯ್ತು, ಅಷ್ಟೆ,” ಎಂದಳು ಸುಧಾ.

ಔಷಧಿಯೇ ಕುಡಿದಿಲ್ಲ ಎಂದು ತಲೆಗೆ ಹೋದದ್ದೇ ತಡ, ಕಾಲಿಗೂ ಸುದ್ದಿ ಮುಟ್ಟಿತು. ಮೊದಲು ಹೆಬ್ಬೆರಳು, ಆಮೇಲೆ ಪಾದ, ಆಮೇಲೆ ಏನೂ ಇಲ್ಲ. ಪೂರ್ಣಾಹುತಿಗೆ ಎದ್ದೇಳಿ ಎಂದಾಗ ಏಳಲು ಹೋಗಿ ಮಣೆಯಿಂದ ಪಕ್ಕಕ್ಕೆ ಉರುಳಿದೆ. ಗೋಡೆಗೆ ಒರಗಿಸಿ, ಕಾಲು ಚಾಚಿಸಿ ಕೂರಿಸಿದರು.

“ಮುಹೂರ್ತ ಮೀರುತ್ತೆ. ಮನೆಯವರು ಬೇರೆ ಯಾರಾದ್ರೂ ನಿಲ್ಲಿ,” ಎಂದರು ಪುರೋಹಿತರು.

ಭಾವ ಶಲ್ಯ ಸರಿಪಡಿಸಿಕೊಂಡು ಅತ್ತಿಗೆಯೊಂದಿಗೆ ಮುಂದೆ ಬಂದರು. ನನಗೆ ಹೊಟ್ಟೆ ಉರಿದುಹೋಯಿತು. ಅಷ್ಟರಲ್ಲಿ, ನನ್ನನ್ನು ಇದುವರೆಗೂ ನೋಡಿರದ ಸುಧಾಳ ಆಫೀಸಿನ ಗೆಳತಿ ತಡವಾಗಿ ಒಳಗೆ ಬಂದು, ಮೊಬೈಲ್ ಎತ್ತಿ ಹಿಡಿದು, ನನ್ನತ್ತ ಬಗ್ಗಿ ವಿನಯದಿಂದ ಹೇಳಿದಳು:

“ಅಂಕಲ್, ಸ್ವಲ್ಪ ಆ ಕಡೆ ಜರುಗ್ತೀರಾ? ಮನೆ ಓನರ್ ಫೋಟೋ ತೆಗೀಬೇಕು.”

ನನಗೆ ಜರುಗುವುದಕ್ಕೂ ಆಗಲಿಲ್ಲ.